ತೊಗರಿಬೇಳೆಯ ಮೇಲೇಕೆ ಸಿಟ್ಟು?

ಕಾಗೆ, ಪಾರಿವಾಳದ ಹಿಕ್ಕೆಯಲ್ಲಿ ಬಿಳಿ ಕಾಣುತ್ತದಲ್ಲ ಮಕ್ಕಳೇ, ಅದು ಬಹುಮಟ್ಟಿಗೆ ಯೂರಿಕ್ ಆಮ್ಲ. ನಮ್ಮ ರಕ್ತದಲ್ಲೂ ಸ್ವಲ್ಪ ಇರುತ್ತದೆ. ಗಿಡ, ಪ್ರಾಣಿಗಳ ಜೀವಕೋಶಗಳಲ್ಲಿರುವ ಪ್ಯೂರಿನ್ ಎಂಬ ವಸ್ತು ದೇಹದಲ್ಲಿ ಒಡೆದಾಗ ಹುಟ್ಟುವುದು ಇದೇ. ಹೆಚ್ಚಿನ ಸಸ್ತನಿಗಳಲ್ಲಿ ಇದನ್ನು ಇನ್ನೂ ಒಡೆಯುವ ಕಿಣ್ವವಿದೆ, ಮನುಷ್ಯನಲ್ಲಿಲ್ಲ. ಮೂತ್ರದಲ್ಲಿ ಹೋಗದೆ ಹೆಚ್ಚಾಗಿ ಉಳಿದರೆ ಸೂಜಿಯಂಥ ಹರಳಾಗಿ ಕೀಲಿನಲ್ಲಿ ಕೂರುತ್ತದೆ. ಆ ಬೇನೆಯೇ ಗೌಟ್.

ನಮ್ಮ ಕೊಂಕಲ್ ಓಣಿಯ ಒಬ್ಬ ಮುತ್ಯಾನ ಹೆಬ್ಬೆರಳಿನ ಬುಡ ಬಾತು ಕೆಂಪಾಗಿತ್ತು. ಹೊದಿಕೆ ತಾಗಿದರೂ ಜೀವ ಹೋದಂತಾಗುತ್ತಿತ್ತು. ಡಾಕ್ಟರು ಮಾತ್ರೆ ಕೊಟ್ಟರು. ಕಟ್ಟೆಯ ಗೆಳೆಯರು ಪಥ್ಯ ಹೇಳಿದರು: ಬೇಳೆ ಬಂದ್, ಪಾಲಕ್ ಬಂದ್! ತೊಗರಿಯ ಸೀಮೆಯಲ್ಲಿ ಹುಟ್ಟಿದವರು ಎರಡು ತಿಂಗಳು ಬರೀ ರೊಟ್ಟಿ, ಖಾರ ತಿಂದು ಸೊರಗಿಹೋದರು. ಏಳನೇ ಕ್ಲಾಸಿನ ಮೊಮ್ಮಗಳು ನನ್ನನ್ನೇ ಕೇಳಿದಳು: "ಕಾಕಾ, ಬ್ಯಾಳ್ಯಾಗ ಅಂಥಾದ್ದೇನ್ ಐತ್ರಿ?"

ಬೇಳೆಯಲ್ಲಿ ಪ್ಯೂರಿನ್ ಇರುವುದು ನಿಜ. ಆದರೆ ಅಮೆರಿಕದಲ್ಲಿ 47,000ಕ್ಕೂ ಹೆಚ್ಚು ಗಂಡಸರನ್ನು 12 ವರ್ಷ ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆ ಮಾತು ಹೇಳಿತು. ಮಾಂಸ, ಮೀನು ಹೆಚ್ಚು ತಿಂದವರಲ್ಲಿ ಗೌಟ್ ಹೆಚ್ಚು ಕಂಡಿತು. ಕಾಳು, ಪಾಲಕ್‌ನಂಥ ಪ್ಯೂರಿನ್ ಇರುವ ಸಸ್ಯಾಹಾರದಿಂದ ಹೆಚ್ಚಲಿಲ್ಲ. ಹಾಲಿನ ಪದಾರ್ಥ ಹೆಚ್ಚು ಬಳಸಿದವರಲ್ಲಿ ಕಡಿಮೆಯೇ ಇತ್ತು. ಅಂದಮೇಲೆ ಪ್ಯೂರಿನ್ ಎಷ್ಟಿದೆ ಎಂಬ ಪಟ್ಟಿಯೊಂದನ್ನೇ ನಂಬಿ ತಟ್ಟೆ ಖಾಲಿ ಮಾಡಿಕೊಳ್ಳುವುದು ಸರಿಯಲ್ಲ.

ನಾನು, ಆ ಹುಡುಗಿ ಸೇರಿ ಮುತ್ಯಾನ ವಾರದ ಊಟ ಬರೆದೆವು. ಬೇಳೆ ಬಿಟ್ಟವರು ಭಾನುವಾರದ ಕಲೇಜಿ ಬಿಟ್ಟಿರಲಿಲ್ಲ! ಪ್ಯೂರಿನ್ ತುಂಬಾ ಇರುವುದೇ ಅದರಲ್ಲಿ. ಸಂಜೆಗೊಂದು ಬಾಟಲಿ ಸಿಹಿ ತಂಪು ಪಾನೀಯ ಬೇರೆ. ಅದರಲ್ಲಿ ಪ್ಯೂರಿನ್ ಇಲ್ಲ, ಆದರೆ ಅದರ ಸಕ್ಕರೆಯೂ ಯೂರಿಕ್ ಆಮ್ಲ ಏರಿಸುತ್ತದೆ. (ಬಿಯರಿನ ಮಾತು ಹಿರಿಯರಿಗೆ ಬಿಡಿಸಿ ಹೇಳಬೇಕಿಲ್ಲ.) ಹುಡುಗಿ ಎರಡಕ್ಕೂ ಗೀಟು ಹಾಕಿ, ಬೇಳೆ, ಮಜ್ಜಿಗೆ ಎಂದು ಬರೆದಳು. ಜೋಳದ ರೊಟ್ಟಿಯನ್ನು ಮುಟ್ಟಲಿಲ್ಲ, ಮುಟ್ಟಬೇಕಾಗಿಯೂ ಇರಲಿಲ್ಲ. "ಬ್ಯಾಳಿ ಕೊಟ್ಟು ಕಲೇಜಿ ಕಸಗೊಂಡ್ಯಲ್ಲ!" ಎಂದು ಮುತ್ಯಾ ಗೊಣಗಿದರು.

ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬೆವರಿ ನೀರು ಕುಡಿಯದಿದ್ದರೆ ಆಮ್ಲ ಒಳಗೇ ಉಳಿಯುತ್ತದೆ. ಕಿಡ್ನಿ ತೊಂದರೆ ಇರುವವರು ನೀರು, ಬೇಳೆಯ ಅಳತೆಯನ್ನು ಡಾಕ್ಟರಲ್ಲೇ ಕೇಳಬೇಕು. ಅಜ್ಜಂದಿರೇ, ನೋವು ಇಳಿಯಿತೆಂದು ಮಾತ್ರೆ ಬಿಡಬೇಡಿ. ಯೂರಿಕ್ ಆಮ್ಲದ ಮೂರರಲ್ಲಿ ಸುಮಾರು ಎರಡು ಪಾಲು ದೇಹವೇ ತಯಾರಿಸುವುದು. ಊಟದಿಂದ ಬರುವುದು ಉಳಿದ ಒಂದು ಪಾಲು.