ಮೂರು ದಿನದ ರಜೆ, ಎಂಟು ತಲೆಮಾರಿನ ಊರು

ಸಂಯುಕ್ತ ಅರಬ್ ಎಮಿರೇಟ್ಸ್ 2022ರ ಜನವರಿ 1ರಿಂದ ತನ್ನ ವಾರದ ರಜೆಯನ್ನು ಬದಲಿಸಿತು. ಮೊದಲು ಶುಕ್ರವಾರ, ಶನಿವಾರ ರಜೆ ಇತ್ತು. ಹೊಸ ಪದ್ಧತಿಯಲ್ಲಿ ಶುಕ್ರವಾರ ಅರ್ಧ ದಿನ ಕೆಲಸ, ಶನಿವಾರ ಮತ್ತು ರವಿವಾರ ಪೂರ್ತಿ ರಜೆ. ಶಾರ್ಜಾ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಶುಕ್ರವಾರವನ್ನೂ ರಜೆಗೆ ಸೇರಿಸಿತು. ಹೀಗೆ ಅಲ್ಲಿ ಓದುವ ಮಕ್ಕಳಿಗೆ ವಾರಕ್ಕೆ ಮೂರು ದಿನ ಬಿಡುವು ಸಿಗುವಂತಾಯಿತು. ದುಡಿಯಲು ಕೊಲ್ಲಿ ನಾಡಿಗೆ ಹೋದ ಕನ್ನಡಿಗರ ಮಕ್ಕಳಿಗೆ ವಾರದ ರಜೆಯಲ್ಲೇ ಅಜ್ಜನ ಊರನ್ನು ಕಂಡು ಬರುವುದು ಈಗ ಅಸಾಧ್ಯವೇನಲ್ಲ. ಆದರೆ ಹಣದ ಲೆಕ್ಕಕ್ಕಿಂತ ವೇಳೆಯ ಲೆಕ್ಕ ಇಲ್ಲಿ ಬಿಗಿಯಾದದ್ದು.

ಒಂದು ಉದಾಹರಣೆ ಹಿಡಿಯೋಣ. ಬೈಲಹೊಂಗಲ ತಾಲೂಕಿನ ಸಂಗೊಳ್ಳಿಯಿಂದ ಹೋದ ಮನೆತನದ ಹುಡುಗಿ. ಶಾರ್ಜಾದಲ್ಲೇ ಹುಟ್ಟಿ ಬೆಳೆದು ಪದವಿಯ ಮೊದಲ ವರ್ಷ ಓದುತ್ತಿದ್ದಾಳೆ. ಕೈಯಲ್ಲಿರುವ ಪಾಸ್‌ಪೋರ್ಟ್ ಭಾರತದ್ದು. ಆದರೆ ಅವಳ ಮಟ್ಟಿಗೆ ಭಾರತವೇ ಪರದೇಶ. ಗುರುವಾರ ಸಂಜೆ ಆರಕ್ಕೆ ಹೊರಟು ರವಿವಾರ ನಡುರಾತ್ರಿಯೊಳಗೆ ಮರಳಬೇಕು. ಒಟ್ಟು 78 ಗಂಟೆ.

ಬೆಂಗಳೂರಿನ ದಾರಿ ಹಿಡಿದರೆ ಹೀಗಾಗುತ್ತದೆ. ವಿಮಾನ ಹತ್ತುವ ಮೂರು ಗಂಟೆ ಮೊದಲೇ ನಿಲ್ದಾಣದಲ್ಲಿರಬೇಕು. ಹಾರಾಟ ಸುಮಾರು ನಾಲ್ಕು ಗಂಟೆ. ಭಾರತದ ಗಡಿಯಾರ ಅಲ್ಲಿಗಿಂತ ಒಂದೂವರೆ ಗಂಟೆ ಮುಂದಿರುವುದರಿಂದ ಹೋಗುವಾಗ ಅಷ್ಟು ವೇಳೆ ಕಳೆದುಹೋಗಿ, ಬರುವಾಗ ತಿರುಗಿ ಸಿಗುತ್ತದೆ. ಶುಕ್ರವಾರ ಬೆಳಿಗ್ಗೆ ಬೆಂಗಳೂರು. ಅಲ್ಲಿಂದ ಬೆಳಗಾವಿಗೆ ರೈಲಿನಲ್ಲಿ ಸುಮಾರು 600 ಕಿಲೋಮೀಟರ್. 2025ರ ಆಗಸ್ಟ್‌ನಲ್ಲಿ ಆರಂಭವಾದ ವಂದೇ ಭಾರತ್ ಕೂಡ ಇದಕ್ಕೆ ಎಂಟು ಗಂಟೆಗೂ ಹೆಚ್ಚು ತೆಗೆದುಕೊಳ್ಳುತ್ತದೆ. ಶುಕ್ರವಾರ ಹೀಗೆ ಮುಗಿಯಿತು. ರವಿವಾರದ ವಿಮಾನ ಹಿಡಿಯಬೇಕಾದರೆ ಶನಿವಾರ ರಾತ್ರಿಯೇ ರೈಲು ಹತ್ತಬೇಕು. ಊರಲ್ಲಿ ಉಳಿಯುವುದು ಶನಿವಾರದ ಹನ್ನೆರಡು ಗಂಟೆ ಮಾತ್ರ. 78ರಲ್ಲಿ 12 ಎಂದರೆ ನೂರಕ್ಕೆ ಹದಿನೈದು ಪಾಲು.

ಗೋವಾದ ದಾರಿಯಲ್ಲಿ ಲೆಕ್ಕ ಬೇರೆ. ಕೊಲ್ಲಿಯ ಕೆಲವು ನಗರಗಳಿಂದ ಗೋವಾಕ್ಕೆ ನೇರ ವಿಮಾನವಿರುತ್ತದೆ. ಅಲ್ಲಿಂದ ಬೆಳಗಾವಿ ನೂರೈವತ್ತು ಕಿಲೋಮೀಟರಿನೊಳಗೆ. ಘಟ್ಟ ಹತ್ತಿದರೆ ನಾಲ್ಕು ತಾಸಿನ ಹಾದಿ. ಶುಕ್ರವಾರ ಮಧ್ಯಾಹ್ನ ಊರು ಸೇರಿ ರವಿವಾರ ಬೆಳಿಗ್ಗೆ ಹೊರಟರೆ ನಲವತ್ತು ಗಂಟೆ ಕೈಯಲ್ಲಿ ಉಳಿಯುತ್ತದೆ. ಅದೇ ರಜೆ, ಮೂರು ಪಟ್ಟಿಗಿಂತ ಹೆಚ್ಚು ಊರು. ಮಳೆಗಾಲದಲ್ಲಿ ಮಾತ್ರ ಘಟ್ಟದ ರಸ್ತೆಯನ್ನು ನಂಬಿ ಬಿಗಿಯಾದ ಲೆಕ್ಕ ಹಾಕಬಾರದು.

ಖರ್ಚು ಇಳಿಸುವ ಉಪಾಯಗಳು ಸರಳ. ಜುಲೈ, ಆಗಸ್ಟ್ ಕೊಲ್ಲಿಯ ಶಾಲೆಗಳಿಗೆ ಬೇಸಿಗೆ ರಜೆ. ಆಗ ಟಿಕೆಟ್ಟಿನ ಬೆಲೆ ಏರುತ್ತದೆ. ರಜೆಗಳ ನಡುವಿನ ಸಾಮಾನ್ಯ ವಾರಗಳನ್ನು ನೋಡಿ ಎರಡು ಮೂರು ತಿಂಗಳು ಮೊದಲೇ ಕಾಯ್ದಿರಿಸಬೇಕು. ಎರಡು ಜೊತೆ ಬಟ್ಟೆಗೆ ಕೈಚೀಲ ಸಾಕು. ಸಾಮಾನಿಗೆಂದು ಬೇರೆ ಹಣ ಕೊಡಬೇಕಾಗಿಲ್ಲ. ರಾತ್ರಿ ರೈಲಿನಲ್ಲಿ ಮಲಗಿದರೆ ಒಂದು ರಾತ್ರಿಯ ವಸತಿ ಉಳಿಯಿತು. ಬೆಳಗಾವಿಯಿಂದ ಬೈಲಹೊಂಗಲಕ್ಕೂ ಅಲ್ಲಿಂದ ಸಂಗೊಳ್ಳಿಗೂ ಸರ್ಕಾರಿ ಬಸ್ಸು ಸಾಕು. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಇದ್ದರೆ 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಂತೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಚಾರ್ಜೂ ಇಲ್ಲ.

ಪಾಲಕರಿಗೆ ಒಂದು ಎಚ್ಚರಿಕೆ. ಹೊರನಾಡಿನಲ್ಲಿ ಹುಟ್ಟಿದ ಮಗುವಿನ ಜನನವನ್ನು ಒಂದು ವರ್ಷದೊಳಗೆ ಭಾರತದ ರಾಯಭಾರ ಕಚೇರಿಯಲ್ಲಿ ನೋಂದಾಯಿಸುವುದನ್ನು ಪೌರತ್ವ ಕಾಯಿದೆ ಕೇಳುತ್ತದೆ. ಮಗು ಬೇರೆ ದೇಶದ ಪೌರನಾಗಿದ್ದರೆ ವೀಸಾ ಅಥವಾ ಸಾಗರೋತ್ತರ ಭಾರತೀಯರ ಕಾರ್ಡು ಬೇಕು. ಹೊರಡುವ ವಾರ ಈ ಕಾಗದಗಳನ್ನು ಹುಡುಕಬಾರದು.

ಇನ್ನು ಊರಿನ ಮಾತು. ಬೆಂಗಳೂರಿನ ದಾರಿ ಹಿಡಿದ ಹುಡುಗಿಗೆ ಊರು ಮುಟ್ಟುವ ಮೊದಲೇ ಊರಿನ ಹೆಸರು ಎದುರಾಗುತ್ತದೆ. ರಾಜಧಾನಿಯ ಮುಖ್ಯ ರೈಲು ನಿಲ್ದಾಣದ ಹೆಸರು ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ. ಅಲ್ಲಿಂದ ಬೆಳಗಾವಿಯ ಕಡೆ ಹೋಗುವ ರಾತ್ರಿ ರೈಲು ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಸತ್ತ ಕಾಳಗ, 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಚೆನ್ನಮ್ಮನ ಮರಣ, 1831ರ ಜನವರಿ 26ರಂದು ನಂದಗಡದಲ್ಲಿ ರಾಯಣ್ಣನಿಗೆ ಗಲ್ಲು, ಇವನ್ನು ಈ ಭಾಗದ ಮಕ್ಕಳು ಪಾಠಕ್ಕೆ ಮೊದಲೇ ಮನೆಯಲ್ಲಿ ಕೇಳಿರುತ್ತಾರೆ. ಹೊರಗೆ ಬೆಳೆದವರು ಕೇಳಿರುವುದಿಲ್ಲ. ಸಂಗೊಳ್ಳಿಯ ಶೌರ್ಯಭೂಮಿಯಲ್ಲಿ ಒಂದೆರಡು ಗಂಟೆ, ಬೈಲಹೊಂಗಲದ ಚೆನ್ನಮ್ಮನ ಸಮಾಧಿಯಲ್ಲಿ ಅರ್ಧ ಗಂಟೆ ಕಳೆದರೆ ಆ ಕೊರತೆ ಸ್ವಲ್ಪ ತುಂಬುತ್ತದೆ.

ಅಲ್ಲಿ ಒಂದು ಸಂಗತಿ ಗಮನಿಸಬೇಕು. ರಾಯಣ್ಣನ ಹೋರಾಟದಲ್ಲಿ ಸಂಸ್ಥಾನದ ಪ್ರಶ್ನೆಯ ಜೊತೆಗೆ ಹೊಲದ ಪ್ರಶ್ನೆಯೂ ಇತ್ತು. ಬ್ರಿಟಿಷರು ಇನಾಮು ಭೂಮಿ ಕಸಿದುಕೊಂಡು ಉಳಿದದ್ದಕ್ಕೆ ಕಂದಾಯ ಏರಿಸಿದ್ದರು. ರಾಯಣ್ಣನ ಪಡೆ ಬೀಡಿಯ ಸರ್ಕಾರಿ ಕಚೇರಿಗೆ ಬೆಂಕಿ ಇಟ್ಟಿತು. ಕಾಗದದ ಮೇಲೆ ಯಾರ ಹೆಸರಿರಬೇಕು ಎಂಬುದು ಇನ್ನೂರು ವರ್ಷದ ಹಿಂದೆಯೇ ಜೀವನ್ಮರಣದ ಪ್ರಶ್ನೆಯಾಗಿತ್ತು.

ಆ ಕಾಗದದ ಇಂದಿನ ರೂಪವೇ ಪಹಣಿ. ಈ ಶತಮಾನದ ಆರಂಭದಲ್ಲಿ ಭೂಮಿ ಯೋಜನೆಯಡಿ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದವು. ಮುತ್ತಜ್ಜನ ಹೊಲದ ಸರ್ವೆ ನಂಬರು ಗೊತ್ತಿದ್ದರೆ ಶಾರ್ಜಾದಲ್ಲಿ ಕುಳಿತೇ ಅದನ್ನು ನೋಡಬಹುದು. ಅಲ್ಲಿ ಅಜ್ಜ, ದೊಡ್ಡಪ್ಪ, ಕಾಕಾ ಎಲ್ಲರ ಹೆಸರೂ ಸಿಗುತ್ತದೆ.

ಪಹಣಿಗಿಂತ ಹಿಂದಕ್ಕೆ ಹೋಗಬೇಕಾದರೆ ಹೆಳವರಿದ್ದಾರೆ. ಸುಗ್ಗಿ ಮುಗಿದ ಮೇಲೆ ಸಿಂಗರಿಸಿದ ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಮನೆ ಬಾಗಿಲಿಗೆ ಬಂದು ಒಕ್ಕಲಿನ ವಂಶಾವಳಿ ಹೇಳುವುದು ಅವರ ಕುಲಕಸುಬು. ಯಾವ ಬೆಡಗು, ಮೂಲ ಊರು ಯಾವುದು, ಯಾವ ಕಾರಣಕ್ಕೆ ಅಲ್ಲಿಂದ ಬಿಟ್ಟು ಬಂದರು, ಯಾರಿಗೆ ಎಷ್ಟು ಮಕ್ಕಳು ಎಂದು ಸಾಲಾಗಿ ಹೇಳಿ ಕಾಳು ಕಡಿ ಪಡೆದು, ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು ಹೋಗುತ್ತಾರೆ. ಅವರ ಮಾತಿನಲ್ಲಿ ಕೇಳುವವರಿಗೆ ಅಚ್ಚರಿ ಹುಟ್ಟಿಸುವುದು ಮೂಲ ಊರು. ಸಂಗೊಳ್ಳಿಯೇ ನಮ್ಮ ಮೂಲ ಎಂದು ನಂಬಿದ ಮನೆತನಕ್ಕೆ ಇನ್ನೊಂದು ಊರಿನ ಹೆಸರು ಸಿಗಬಹುದು. ಶಾರ್ಜಾಕ್ಕೆ ಹೋದವರು ಮನೆತನದಲ್ಲಿ ಮೊದಲ ವಲಸಿಗರೇನಲ್ಲ.

ಇಲ್ಲಿ ಒಂದು ಚಿಕ್ಕ ಗಣಿತ ಮಾಡಬೇಕು. ತಲೆಮಾರಿಗೆ 25 ವರ್ಷ ಹಿಡಿದರೆ ಕಿತ್ತೂರಿನ ಕಾಳಗದಿಂದ ಇಂದಿನವರೆಗೆ ಸುಮಾರು ಎಂಟು ತಲೆಮಾರು. ಒಬ್ಬರಿಗೆ ತಂದೆ ತಾಯಿ ಇಬ್ಬರು, ಅಜ್ಜ ಅಜ್ಜಿ ನಾಲ್ವರು, ಅದರ ಹಿಂದೆ ಎಂಟು. ಹೀಗೆ ಎರಡನ್ನು ಎಂಟು ಸಲ ಗುಣಿಸಿದರೆ 256. ಅಂದರೆ ರಾಯಣ್ಣನ ಕಾಲದಲ್ಲಿ ಈ ಹುಡುಗಿಯ ವಂಶವೃಕ್ಷಕ್ಕೆ 256 ಜಾಗಗಳಿವೆ. ಸೋದರಮಾವನಿಗೂ ಅತ್ತೆಯ ಮಗನಿಗೂ ಹೆಣ್ಣು ಕೊಡುವ ರೂಢಿ ನಮ್ಮಲ್ಲಿರುವುದರಿಂದ ಒಬ್ಬರೇ ಎರಡು ಮೂರು ಜಾಗದಲ್ಲಿ ಕೂತಿರಬಹುದು. ನಿಜವಾದ ಸಂಖ್ಯೆ 256ಕ್ಕಿಂತ ಕಡಿಮೆ. ಆದರೂ ಅದು ಒಂದಲ್ಲ. ಅಡ್ಡಹೆಸರು ತೋರಿಸುವುದು ಅವರಲ್ಲಿ ಒಬ್ಬನನ್ನು. ಪಹಣಿಯೂ ಹೆಳವರ ಪುಸ್ತಕವೂ ಮುಖ್ಯವಾಗಿ ನಡೆಯುವುದು ಅದೇ ಗಂಡುಮಕ್ಕಳ ಸಾಲಿನಲ್ಲಿ. ಉಳಿದವರು ಎಲ್ಲಿಯವರು?

ಜೀವಶಾಸ್ತ್ರ ಈ ಪ್ರಶ್ನೆಯನ್ನು ಇನ್ನೂ ಚೂಪು ಮಾಡುತ್ತದೆ. ಗಂಡುಮಗುವಿಗೆ ತಂದೆಯಿಂದ ವೈ ವರ್ಣತಂತು ಬರುತ್ತದೆ, ಹೆಣ್ಣುಮಗುವಿಗೆ ಎಕ್ಸ್. ಅಂದರೆ ಮನೆತನದ ಗಂಡು ಸಾಲಿನ ಗುರುತಾದ ವೈ ಈ ಹುಡುಗಿಯಲ್ಲಿ ಇಲ್ಲವೇ ಇಲ್ಲ. ತಂದೆ ಅವಳಿಗೆ ಕೊಟ್ಟ ಎಕ್ಸ್ ಅವನಿಗೆ ಎಲ್ಲಿಂದ ಬಂತು? ಅವನ ತಾಯಿಯಿಂದ, ಅಂದರೆ ಸಂಗೊಳ್ಳಿಯ ಅಜ್ಜಿಯಿಂದ. ಉಳಿದ ವರ್ಣತಂತುಗಳಲ್ಲಿ ಅಜ್ಜ ಅಜ್ಜಿ ಇಬ್ಬರ ತುಣುಕುಗಳೂ ಬೆರೆತಿರುತ್ತವೆ. ಆದರೆ ಈ ಎಕ್ಸ್ ಮಾತ್ರ ಬಹುತೇಕ ಇಡಿಯಾಗಿ ಅಜ್ಜಿಯದೇ. ಇನ್ನು ಜೀವಕೋಶದ ಮೈಟೊಕಾಂಡ್ರಿಯ ಬರುವುದು ತಾಯಿಯ ತಾಯಿ, ಅವಳ ತಾಯಿ ಎಂಬ ಸಾಲಿನಿಂದ.

ಆ ಅಜ್ಜಿ ಸಂಗೊಳ್ಳಿಯಲ್ಲಿ ಹುಟ್ಟಿದವಳೇ? ಬಹಳ ಮನೆಗಳಲ್ಲಿ ಅಲ್ಲ. ಸವದತ್ತಿ, ರಾಮದುರ್ಗ, ಕಿತ್ತೂರು, ಧಾರವಾಡ ಕಡೆಯ ಯಾವುದೋ ಹಳ್ಳಿಯಿಂದ ಸೊಸೆಯಾಗಿ ಬಂದವಳು. ಅವಳ ತಾಯಿ ಇನ್ನೊಂದು ಹಳ್ಳಿಯಿಂದ ಬಂದವಳು. ಪೂರ್ವಜರ ನಾಡು ಎಂದರೆ ಒಂದು ಊರಲ್ಲ. ಮಲಪ್ರಭೆಯ ಎರಡೂ ದಂಡೆಯ ಹತ್ತಾರು ತವರೂರುಗಳು. ಆದರೆ ಆ ಊರುಗಳ ಪಹಣಿಯಲ್ಲಿ ಅಜ್ಜಿಯ ಹೆಸರು ಸಿಗುವುದು ಕಷ್ಟ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಂತೆ ಹಕ್ಕು ಕರ್ನಾಟಕದಲ್ಲಿ ಬಂದದ್ದು 1994ರ ತಿದ್ದುಪಡಿಯಿಂದ, ದೇಶಕ್ಕೆಲ್ಲ ಬಂದದ್ದು 2005ರಲ್ಲಿ. ಅದಕ್ಕೂ ಮೊದಲು ಮದುವೆಯಾಗಿ ಹೋದ ಹೆಣ್ಣುಮಕ್ಕಳ ದಾಖಲೆ ಅವರ ನೆನಪು ಮಾತ್ರ.

ಹೀಗಿರುವಾಗ ಹನ್ನೆರಡು ಗಂಟೆಯಿರಲಿ, ನಲವತ್ತು ಗಂಟೆಯಿರಲಿ, ಅದರ ಒಳ್ಳೆಯ ಪಾಲು ಅಜ್ಜಿಗೆ ಸಲ್ಲಬೇಕು. ಕೇಳಬೇಕಾದದ್ದು ಬಹಳ ಇಲ್ಲ. ನಿನ್ನ ತವರು ಯಾವುದು? ನಿನ್ನ ಅವ್ವನ ಹೆಸರೇನು, ಅವಳ ತವರು ಯಾವುದು? ನಿಮ್ಮದು ಯಾವ ಬೆಡಗು? ಕುಡಿಯುವ ನೀರು ಎಲ್ಲಿಂದ ತರುತ್ತಿದ್ದಿರಿ? ಹೊಲದಲ್ಲಿ ಏನು ಬಿತ್ತುತ್ತಿದ್ದಿರಿ? ಇಸವಿ ಕೇಳಿದರೆ ಅಜ್ಜಿಗೆ ಹೊಳೆಯುವುದಿಲ್ಲ. 1972ರ ಬರಗಾಲಕ್ಕೆ ಮೊದಲೋ ಆಮೇಲೋ, ನವಿಲುತೀರ್ಥದ ಆಣೆಕಟ್ಟಿಗೆ ನೀರು ನಿಲ್ಲುವ ಮೊದಲೋ ಆಮೇಲೋ ಎಂದು ಕೇಳಿದರೆ ತಟ್ಟನೆ ಉತ್ತರ ಬರುತ್ತದೆ. ಭೂಗರ್ಭ ವಿಜ್ಞಾನಿಗಳು ಬಂಡೆಯ ವಯಸ್ಸನ್ನು ಮೇಲಿನ ಪದರ, ಕೆಳಗಿನ ಪದರ ನೋಡಿ ಅಂದಾಜು ಮಾಡುವುದೂ ಹೀಗೆಯೇ. ತವರು ಆ ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರಾಗಿದ್ದರೆ ಅಜ್ಜಿಯ ಮಾತಿನ ಹೊರಗೆ ಅದು ಎಲ್ಲಿಯೂ ಉಳಿದಿರುವುದಿಲ್ಲ.

ಕನ್ನಡ ಬರೆಯಲು ಬಾರದ ಹುಡುಗಿ ಮಾತನ್ನು ಫೋನಿನಲ್ಲಿ ಮುದ್ರಿಸಿಕೊಳ್ಳಬಹುದು. ಮರಳಿದ ಮೇಲೆ ತಂದೆ ತಾಯಿಯ ಜೊತೆ ಕುಳಿತು ಅದನ್ನು ಕನ್ನಡದಲ್ಲಿ ನೋಟ್‌ಬುಕ್ಕಿಗೆ ಇಳಿಸಬೇಕು. ಫೋನು ಎರಡು ಮೂರು ವರ್ಷಕ್ಕೆ ಬದಲಾಗುತ್ತದೆ, ನೋಟ್‌ಬುಕ್ ಉಳಿಯುತ್ತದೆ. ಆ ನೆಪದಲ್ಲಿ ಅಕ್ಷರವೂ ಕಲಿತಂತಾಯಿತು.

ಯಾವಾಗ ಹೋಗಬೇಕು ಎಂಬುದಕ್ಕೆ ಎರಡು ಉತ್ತರಗಳಿವೆ. ಹೆಳವರ ಮಾತು ಕೇಳಬೇಕಾದರೆ ಸುಗ್ಗಿ ಮುಗಿದ ಮೇಲೆ. ಟಿಕೆಟ್ಟೂ ಆಗ ಸೋವಿ, ಘಟ್ಟವೂ ಒಣಗಿರುತ್ತದೆ. ಹೆಣ್ಣುಮಕ್ಕಳ ಸಾಲನ್ನು ಕಾಣಬೇಕಾದರೆ ಶ್ರಾವಣದ ನಾಗರ ಪಂಚಮಿ. ಆಗ ಮದುವೆಯಾಗಿ ಹೋದವರೆಲ್ಲ ತವರಿಗೆ ಬಂದು ಜೋಕಾಲಿ ಆಡಿ, ಉಂಡಿ ತಿಂದು, ಒಂದೇ ಪಡಸಾಲೆಯಲ್ಲಿ ಸಿಗುತ್ತಾರೆ. ಅತ್ತೆಯರು, ಅಜ್ಜಿಯ ತಂಗಿಯರು, ಅವರ ಮಕ್ಕಳು ಎಲ್ಲರನ್ನೂ ಹುಡುಕಿಕೊಂಡು ಬೇರೆ ಬೇರೆ ಬಸ್ಸು ಹತ್ತಬೇಕಾಗಿಲ್ಲ. ಟಿಕೆಟ್ಟಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ಒಂದು ವರ್ಷವಾದರೂ ಪಂಚಮಿಗೆ ಹೋಗುವುದು ಲಾಭವೇ.

ವಿಮಾನ ಹತ್ತುವ ಮಕ್ಕಳಿಗೆ ಮಾತ್ರ ಈ ಲೆಕ್ಕ ಎಂದು ತಿಳಿಯಬಾರದು. ಬೈಲಹೊಂಗಲದಲ್ಲೇ ಇದ್ದು ದಿನಾ ಶಾಲೆಗೆ ಹೋಗುವ ಎಷ್ಟು ಮಕ್ಕಳಿಗೆ ಅಜ್ಜಿಯ ತಾಯಿಯ ಹೆಸರು ಗೊತ್ತಿದೆ? ಅವರಿಗೆ ಟಿಕೆಟ್ಟು ಬೇಡ, ಪಾಸ್‌ಪೋರ್ಟು ಬೇಡ. ಪಡಸಾಲೆಯಿಂದ ಅಡುಗೆಮನೆಗೆ ನಡೆದರೆ ಸಾಕು. ಶಾರ್ಜಾದ ಹುಡುಗಿ ಬರುವ ವರ್ಷ ಮತ್ತೊಂದು ಅಗ್ಗದ ಟಿಕೆಟ್ಟು ಕೊಳ್ಳಬಹುದು. ಎಂಬತ್ತು ದಾಟಿದ ಅಜ್ಜಿ ಬರುವ ವರ್ಷ ಕಾಯುತ್ತಾಳೆಂಬ ಭರವಸೆ ಯಾರೂ ಕೊಡಲಾರರು. ಬರುವ ರವಿವಾರವೇ ಒಂದು ನೋಟ್‌ಬುಕ್ ಹಿಡಿದು ಅವಳ ಹತ್ತಿರ ಕೂರಬೇಕು.