ಮದ್ದಿಗೆ ಬಗ್ಗದ ಕೀವು

ಕುರುವೆದ್ದು ಕೀವು ತುಂಬಿದರೆ, ಗಾಯ ನಂಜಾದರೆ, ಅಂಗಡಿಯಿಂದ ನಾಲ್ಕು ಗುಳಿಗೆ ತಂದು ನುಂಗಿದರಾಯಿತು ಎಂಬ ಧೈರ್ಯ ನಮ್ಮ ಜನರಲ್ಲಿ ಬೇರೂರಿದೆ. ಆ ಧೈರ್ಯದ ಕಾಲ ಮುಗಿಯುತ್ತ ಬಂದಿದೆ ಎಂಬುದನ್ನು ನಾವು ಓದುಗರ ಮುಂದಿಡಬೇಕಾಗಿದೆ.

ಕೀವು ಕಟ್ಟಿಸುವ ರೋಗಾಣುಗಳಲ್ಲಿ ಮುಖ್ಯವಾದುದು ಸ್ಟ್ಯಾಫಿಲೊಕಾಕಸ್. ಆರೋಗ್ಯವಂತರಲ್ಲಿಯೂ ಸುಮಾರು ಮೂವರಲ್ಲಿ ಒಬ್ಬರ ಮೂಗಿನಲ್ಲಿ ಅದು ಸುಮ್ಮನೆ ಇರುತ್ತದೆ. ಚರ್ಮ ಒಡೆದಲ್ಲಿ ಒಳಹೊಕ್ಕು ಕೇಡು ಮಾಡುತ್ತದೆ. 1940ರ ದಶಕದಲ್ಲಿ ಪೆನಿಸಿಲಿನ್ ಅದನ್ನು ಅಡಗಿಸಿತು. ಕೆಲವೇ ವರ್ಷಗಳಲ್ಲಿ, ಪೆನಿಸಿಲಿನ್ನನ್ನೇ ಒಡೆದುಹಾಕಬಲ್ಲ ತಳಿಗಳು ಆಸ್ಪತ್ರೆಗಳಲ್ಲಿ ಹಬ್ಬಿದವು. ಅವುಗಳಿಗೆಂದೇ 1959ರಲ್ಲಿ ಮೆಥಿಸಿಲಿನ್ ಬಂದಿತು. 1961ರಲ್ಲಿ ಅದಕ್ಕೂ ಬಗ್ಗದ ತಳಿ ಬ್ರಿಟನ್ನಿನಿಂದ ವರದಿಯಾಯಿತು. 2019ರಲ್ಲಿ ಈ ಪ್ರತಿರೋಧವೇ ಕಾರಣವಾಗಿ ಜಗತ್ತಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತರೆಂದು ವಿಜ್ಞಾನಿಗಳ ಅಂದಾಜು.

ಮೈ ಮದ್ದಿಗೆ ಒಗ್ಗಿಹೋಗುತ್ತದೆಂದು ಹಲವರು ನಂಬಿದ್ದಾರೆ. ಅದು ಸರಿಯಲ್ಲ. ಬದಲಾಗುವುದು ನಮ್ಮ ಮೈಯಲ್ಲ, ರೋಗಾಣು. ಮದ್ದು ಬಲಹೀನವಾದವನ್ನು ಕೊಲ್ಲುತ್ತದೆ. ತಡೆದುಕೊಂಡವು ಆ ತೆರವಾದ ಜಾಗದಲ್ಲಿ ಬೆಳೆಯುತ್ತವೆ. ವೈರಸ್ಸಿನಿಂದ ಬಂದ ನೆಗಡಿಗೆ ಈ ಮದ್ದು ಕೊಟ್ಟರೆ ನೆಗಡಿ ಹೋಗದು, ರೋಗಾಣು ಮಾತ್ರ ಪಳಗುತ್ತದೆ. ಸಾಲದ ಪ್ರಮಾಣದಲ್ಲಿ ತೆಗೆದುಕೊಂಡರೂ ಇದೇ ಗತಿಯೆಂದು ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗರು 1945ರ ನೊಬೆಲ್ ಭಾಷಣದಲ್ಲಿಯೇ ಎಚ್ಚರಿಸಿದ್ದರು.

ಫ್ಲೆಮಿಂಗರು ಹೆದರಿದ್ದು ಅಜ್ಞಾನಕ್ಕೆ. ನಮ್ಮಲ್ಲಿ ಅದರೊಡನೆ ಬಡತನವೂ ಸೇರಿದೆ. ದಿನಗೂಲಿಯವನು ಏಳು ದಿನದ ಮದ್ದಿನ ಚೀಟಿ ಹಿಡಿದು ಎರಡು ದಿನದ್ದನ್ನು ಮಾತ್ರ ಕೊಳ್ಳುವುದು ತಿಳಿಗೇಡಿತನದಿಂದಲ್ಲ, ಕಾಸಿಲ್ಲದೆ. ಅವನಿಗೆ ಉಪದೇಶ ಹೇಳಿ ಕೈತೊಳೆದುಕೊಳ್ಳುವುದು ಸರ್ಕಾರಕ್ಕೆ ತಕ್ಕದ್ದಲ್ಲ.

ಹೊಸ ಮದ್ದು ಬಂದೀತೆಂದು ಕಾದು ಕುಳಿತರೂ ಆಗದು. ಕೆಲವೇ ದಿನ ನುಂಗುವ, ಮಿತವಾಗಿಯೇ ಬಳಸಬೇಕಾದ ಮದ್ದಿನಲ್ಲಿ ಬಂಡವಾಳಗಾರನಿಗೆ ಲಾಭವಿಲ್ಲ. 2018ರಲ್ಲಿ ಹೊಸ ಆ್ಯಂಟಿಬಯಾಟಿಕ್ಕಿಗೆ ಅನುಮತಿ ಪಡೆದ ಅಮೆರಿಕದ ಅಕಾವೊಜೆನ್ ಕಂಪೆನಿ 2019ರಲ್ಲಿ ದಿವಾಳಿಯೆದ್ದಿತು. ಜನರ ಪ್ರಾಣರಕ್ಷಣೆಯನ್ನು ಪೇಟೆಯ ಕೈಗೆ ಬಿಟ್ಟುದರ ಫಲವಿದು. ಪೆನಿಸಿಲಿನ್ ತಯಾರಿಸಲು 1954ರಲ್ಲಿ ಪಿಂಪ್ರಿಯಲ್ಲಿ ಸರ್ಕಾರಿ ಕಾರ್ಖಾನೆ ಸ್ಥಾಪಿಸಿದ ದೇಶ ನಮ್ಮದೆಂಬುದನ್ನು ಆಳುವವರು ಮರೆಯಬಾರದು.

ಕಾನೂನಿಗೆ ಕೊರತೆಯಿಲ್ಲ. 2014ರಿಂದ ಜಾರಿಯಲ್ಲಿರುವ ನಿಯಮದಂತೆ, ಪಟ್ಟಿಯಲ್ಲಿರುವ ಪ್ರಬಲ ಆ್ಯಂಟಿಬಯಾಟಿಕ್ಕುಗಳನ್ನು ಮಾರುವಾಗ ಅಂಗಡಿಯವರು ವೈದ್ಯರ ಹೆಸರನ್ನೂ ರೋಗಿಯ ಹೆಸರನ್ನೂ ಬರೆದಿಡಲೇಬೇಕು. ಅದು ಕಾಗದದಲ್ಲಿ ಉಳಿಯದಂತೆ ನೋಡಿಕೊಳ್ಳುವುದು ಅಧಿಕಾರಿಗಳ ಹೊಣೆ.

ನಮ್ಮ ಬೇಡಿಕೆ ಸರಳ. ಕೀವನ್ನು ಪರೀಕ್ಷಿಸಿ, ಯಾವ ಮದ್ದು ನಾಟುತ್ತದೆಂದು ಹೇಳುವ ಪ್ರಯೋಗಶಾಲೆಯ ಸೌಲಭ್ಯ ಪ್ರತಿ ತಾಲ್ಲೂಕು ಆಸ್ಪತ್ರೆಗೂ ದೊರೆಯಲಿ. ಕುರುವನ್ನು ಕೊಯ್ದು ಕೀವು ತೆಗೆದರೆ ಸಾಕಾಗುವಲ್ಲಿ ಮದ್ದು ಬೇಡ. ಬೇಕಾದಲ್ಲಿ ವೈದ್ಯರು ಹೇಳಿದಷ್ಟು ದಿನದ ಮದ್ದೂ ಉಚಿತವಾಗಿ ಸಿಗಲಿ. ಆಸ್ಪತ್ರೆಯ ಪ್ರತಿ ವಾರ್ಡಿನಲ್ಲಿ ಕೈತೊಳೆಯಲು ನೀರೂ ಸಾಬೂನೂ ಇರಲಿ. ಮುಂದಿನ ಗ್ರಾಮಸಭೆಯಲ್ಲಿ ಈ ಮಾತನ್ನು ಎತ್ತಬೇಕೆಂದು ನಾವು ಓದುಗರನ್ನು ಕೋರುತ್ತೇವೆ. ಪಳಗಿದ ರೋಗಾಣು ಬಡವನ ಗುಡಿಸಲಲ್ಲೇ ನಿಲ್ಲುವುದಿಲ್ಲ. ಸಿರಿವಂತನ ಬಾಗಿಲನ್ನೂ ತಟ್ಟುತ್ತದೆ.