ತವರಿಗೆ ಬಂದ ಹಕ್ಕಿಗಳು

ಸೋದರಿಯರೇ, ಹಿತ್ತಲಿಗೆ ಹಕ್ಕಿ ಬರಲು ಏನು ಮಾಡಬೇಕು ಅನ್ನುವವರು ಒಮ್ಮೆ ನಮ್ಮ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿಬನ್ನಿ. ಸಂಕ್ರಾಂತಿಯ ಆಸುಪಾಸಿಗೆ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಬಂದು ಮನೆಗಳ ನಡುವಿನ ಹುಣಿಸೆಮರಗಳಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಲೇ ಊರವರ ಮಾತು.

ತವರು ಅಂದಮೇಲೆ ಖರ್ಚೂ ಉಂಟಲ್ಲ! ಗೂಡಿರುವ ಮರದ ಹುಣಿಸೆಹಣ್ಣು ಮನೆಯವರಿಗೆ ಸರಿಯಾಗಿ ದಕ್ಕೋದಿಲ್ಲ. ಅದಕ್ಕೇ ಅರಣ್ಯ ಇಲಾಖೆ ಮರದ ಒಡೆಯರಿಗೆ ಪರಿಹಾರದ ಏರ್ಪಾಟು ಮಾಡಿತು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವೂ ಆಯಿತು. ಹಿಕ್ಕೆಯ ವಾಸನೆಗೆ ನಾವು ಮೂಗು ಮುಚ್ಚುತ್ತೇವೆ, ಅಲ್ಲಿಯವರು ಅದನ್ನೇ ಗುಂಡಿಯಲ್ಲಿ ಕೂಡಿಹಾಕಿ ಹೊಲಕ್ಕೆ ಗೊಬ್ಬರ ಮಾಡುತ್ತಾರೆ. ಜಾಣತನ ಅಂದರೆ ಅದು.

ನಿಮ್ಮ ಮನೆಯಲ್ಲೂ ಹಿತ್ತಲ ಮರ ಮಾರಿಬಿಡೋಣ ಅನ್ನುವ ಮಾತೆದ್ದರೆ, ಮಳೆಗಾಲದವರೆಗಾದರೂ ತಡೆಯಿರಿ. ಮೇಲೆ ಮರಿಗಳಿದ್ದಾವು. ಯಜಮಾನರು ಗೊಣಗಿದರೆ ಗೊಣಗಲಿ.

ಕೊಕ್ಕರೆ ಎಲ್ಲರ ಮನೆಗೂ ಬಾರದು. ಅದಕ್ಕೆ ದೊಡ್ಡ ಮರ ಬೇಕು, ಹತ್ತಿರ ಮೀನಿರುವ ಕೆರೆ, ಹೊಳೆ ಬೇಕು. ಮಂಡ್ಯ, ಮಳವಳ್ಳಿಯ ಸಣ್ಣ ಹಿತ್ತಲಾದರೆ ಅಗಲ ಬಾಯಿಯ ಮಣ್ಣಿನ ತಟ್ಟೆಯಲ್ಲಿ ಎರಡು ಬೆರಳು ನೀರಿಡಿ, ಕೂರಲು ನಡುವೆ ಒಂದು ಕಲ್ಲು. ನೀರು ದಿನಾ ಬದಲಾಯಿಸಿ, ಇಲ್ಲದಿದ್ದರೆ ಹಕ್ಕಿಗಿಂತ ಮೊದಲು ಸೊಳ್ಳೆ ಬಂದಾವು. ಬೆಕ್ಕು ಹೊಂಚುಹಾಕುವ ಪೊದೆಯಿಂದ ಮಾತ್ರ ದೂರವಿರಲಿ.